ನನ್ನ ಮಾನ ಉಳಿಸಿದ ಸಲೈನ್

ನನ್ನ ಗಂಡನ ಸೊಂಟದ ಕೀಲು ಬದಲಿಸುವ ಆಪರೇಶನ್ ಡೊಂಬಿವಲಿಯಲ್ಲೇ, ನಾವಿರುವ ಹೌಸಿಂಗ್ ಸೊಸೈಟಿ ಹತ್ತಿರದ ಆಸ್ಪತ್ರೆಯಲ್ಲಿ ಆಯಿತು. ರಕ್ತ ಬೇಕಾಗಬಹುದು, ಮನೆಯವರು ಯಾರಾದರೂ ಮೊದಲೇ ಒಂದು ಬಾಟಲಿ ಕೊಟ್ಟಿಡಿ ಎಂದಿದ್ದರು. ನಾನು ಸೆರಗು ಬಿಗಿದು ಹೋದೆ. ಬೆರಳು ಚುಚ್ಚಿ ನೋಡಿ, ನಿಮ್ಮಲ್ಲೇ ರಕ್ತ ಕಡಿಮೆ ಇದೆ ಎಂದು ವಾಪಸ್ ಕಳಿಸಿದರು. ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಬದಲಾಪುರದಿಂದ ಓಡಿ ಬಂದು ಕೊಟ್ಟೇಬಿಟ್ಟರು.

ಆಪರೇಶನ್ ದಿನ ನೋಡಲು ಬಂದವರಿಗೆಲ್ಲ ಅವರದ್ದು ಅದೇ ಮಾತು. "ತಮ್ಮ ಅಲ್ವಾ ಮಾರಾಯ್ತಿ, ನನ್ನ ರಕ್ತವೇ ಅವನಿಗೆ ಸರಿ." ನನಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಸಂಸಾರ ಮಾಡಿದವಳು ನಾನು, ಇನ್ನು ಗಂಡನ ಮೈಯೊಳಗೆ ಓಡಾಡುವುದು ಅತ್ತಿಗೆಯೇ? ಗಂಡನಿಗೆ ಏನೂ ಆಗದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಆ ಬಾಟಲಿ ಮಾತ್ರ ಏರಿಸದಿರಲಿ ಎಂದೂ ಬೇಡಿಕೊಂಡೆ.

ಡಾಕ್ಟರು ಹೊರಗೆ ಬಂದು ಹಿಂದಿಯಲ್ಲಿ ವಿವರಿಸಿದರು. ರಕ್ತ ಹೋದದ್ದು ನಿಜ, ಆದರೆ ಅದರ ಬದಲಿಗೆ ಸಲೈನ್ ಕೊಟ್ಟದ್ದರಲ್ಲೇ ಬಿ.ಪಿ. ಸರಿಯಾಗಿ ನಿಂತಿತು, ಬೇರೆಯವರ ರಕ್ತ ಬೇಕಾಗಲಿಲ್ಲ. ಇನ್ನು ಅವರ ದೇಹವೇ ತಯಾರಿಸಿಕೊಳ್ಳುತ್ತದೆ, ಚೆನ್ನಾಗಿ ಊಟ ಕೊಡಿ ಎಂದರು. ಅತ್ತಿಗೆಯ ಮುಖ ಸಪ್ಪಗಾಯಿತು. ನನಗೆ ಒಳಗೊಳಗೇ ಎಂಥ ಖುಷಿ! ಬರೀ ಉಪ್ಪುನೀರು ನನ್ನ ಮಾನ ಉಳಿಸಿತ್ತು.

ಮನೆಗೆ ಬಂದ ಮೇಲೆ ಹರಿವೆ, ಖರ್ಜೂರ, ಬೀಟ್‌ರೂಟ್ ಎಂದು ಒದ್ದಾಡಿದೆ. ಗಂಡ ನಾಲ್ಕು ತುತ್ತು ತಿಂದು ತಟ್ಟೆ ಸರಿಸಿದರು. "ಅಕ್ಕನ ಹುರುಳಿ ಸಾರು ಇದ್ದಿದ್ರೆ ಊಟ ಸೇರ್ತಿತ್ತು."

ಆ ಮಾತು ಅತ್ತಿಗೆಯ ಕಿವಿಗೆ ಬಿದ್ದದ್ದೇ ಸಾಕಾಯಿತು. ಮರುದಿನದಿಂದ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಸಾರಿನ ಡಬ್ಬಿ ಎದೆಗವಚಿಕೊಂಡು ಅತ್ತಿಗೆ ಹಾಜರ್. ಗಂಡ ಬೆರಳು ಚೀಪಿ ಉಂಡರು. ನಾನು ಅನ್ನ ಬೇಯಿಸುವುದಕ್ಕೆ ಮಾತ್ರ ಉಳಿದೆ.

ಮತ್ತೆ ತೋರಿಸಲು ಹೋದಾಗ ಡಾಕ್ಟರು ರಿಪೋರ್ಟ್ ನೋಡಿ, ರಕ್ತ ಚೆನ್ನಾಗಿ ಏರಿದೆ, ಅಡುಗೆ ಯಾರದ್ದು ಎಂದು ನನ್ನತ್ತ ತಿರುಗಿದರು. "ನನ್ನದೇ" ಎಂದುಬಿಟ್ಟೆ. ಗಂಡ ಕೆಮ್ಮಿದರು. ಪಕ್ಕದಲ್ಲೇ ಕುಳಿತಿದ್ದ ಅತ್ತಿಗೆ ತಡಮಾಡಲಿಲ್ಲ. "ಹೌದು ಡಾಕ್ಟ್ರೇ, ಎಲ್ಲ ಇವಳೇ ಮಾಡಿದ್ದು. ಪಾಪ, ತುಂಬ ಕಷ್ಟಪಟ್ಟಿದ್ದಾಳೆ" ಎಂದು ನನ್ನ ಬೆನ್ನು ಸವರಿದರು.

ಜಗಳಕ್ಕೆ ಬಂದಿದ್ದರೆ ನಾನೂ ಬಿಡುತ್ತಿರಲಿಲ್ಲ. ಇದಕ್ಕೆ ಏನು ಮಾಡಲಿ? ಆ ಕೈ ಬೆನ್ನ ಮೇಲಿದ್ದಷ್ಟು ಹೊತ್ತೂ ನನ್ನ ಹೊಟ್ಟೆ ಹಿಂದೆಂದಿಗಿಂತ ಹೆಚ್ಚು ಉರಿಯಿತು.