ಮೂಗಿನೊಳಗೆ ಉಳಿ ಇಳಿದ ದಿನ

ಮೊನ್ನೆ ಗಾಂಧಿನಗರದ ಕನ್ನಡಕದ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ನನ್ನ ಮುಖಕ್ಕೆ ಹೊಸ ಚೌಕಟ್ಟು ಕೂರಿಸಿ, "ಮೂಗು ಭಾಳ ನೆಟ್ಟಗೈತಿ ನೋಡ್ರಿ ಅಜ್ಜಾರ, ಕನ್ನಡಕ ಎತ್ಲಾಗೂ ವಾಲಂಗಿಲ್ಲ" ಎಂದಳು. ಈ ವಯಸ್ಸಿನಲ್ಲಿ ಮೂಗಿಗೆ ಶಹಬ್ಬಾಸ್ ಸಿಕ್ಕರೆ ಯಾರಿಗೆ ಬೇಡ? ಆದರೆ ನಾನು ಕನ್ನಡಕ ತೆಗೆದು ಮೂಗು ಮುಟ್ಟಿಕೊಂಡೆ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ನಾನು ಸಿರುಗುಪ್ಪದವನು, ನಾಟಕ ಕಂಪನಿಯಲ್ಲಿ ರಾಣಿ ಪಾರ್ಟು. ಸೀರೆ ಉಟ್ಟು ನಡೆದರೆ ಹೆಂಗಸರೇ ಹೊಟ್ಟೆಕಿಚ್ಚು ಪಡುತ್ತಿದ್ದರು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕುರುಗೋಡಿನ ಕ್ಯಾಂಪಿನಲ್ಲಿ ಹಗ್ಗ ಹರಿದು, ಪರದೆ ಸುತ್ತುವ ಬಿದಿರು ಮುಖದ ಮೇಲೆ ಬಿತ್ತು. ಮೂಗಿನ ಎಲುಬು ಮುರಿಯಿತು. ಯಾರೋ ಅರಿಶಿನ ಮೆತ್ತಿದರು. ಊತ ಇಳಿದು ನೋಡಿದರೆ ಎಲುಬು ಎಡಕ್ಕೆ ವಾಲಿಕೊಂಡೇ ಕೂಡಿತ್ತು.

"ಸೊಟ್ಟ ಮೂಗಿನ ರಾಣೀನ ನೋಡಾಕ ಯಾರು ಟಿಕೀಟು ತಗೋತಾರಲೇ? ನೆಟ್ಟಗ ಮಾಡಿಸ್ಕ್ಯಂಡು ಬಾ, ಇಲ್ಲಂದ್ರ ಪರದಿ ಎಳಿ" ಎಂದ ಮಾಲೀಕ. ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಬಳ್ಳಾರಿಯಲ್ಲಿ ಯುದ್ಧದಿಂದ ಮರಳಿದ ಡಾಕ್ಟರೊಬ್ಬರಿದ್ದರು. ಸಿಪಾಯಿಗಳ ಒಡೆದ ಮುಖಗಳನ್ನು ರಿಪೇರಿ ಮಾಡಿ ಕೈ ಪಳಗಿದವರು. ನನ್ನ ಮೂಗನ್ನು ಬದನೆಕಾಯಿ ಆರಿಸುವವರ ಹಾಗೆ ಹಿಚುಕಿ ನೋಡಿದರು.

"ಹೊಳ್ಳಿಯೊಳಗಿಂದ ಸಣ್ಣ ಉಳಿ ತೂರಿಸಿ, ಎರಡೂ ಪಕ್ಕ ಬುಡದಾಗ ಎಲುಬು ಕತ್ತರಸಬೇಕು. ಆಮ್ಯಾಲೆ ಹೆಬ್ಬೆರಳಲೆ ಒತ್ತಿ ನಡುವಕ್ಕ ತರ್ತೀನಿ. ಸೂಜಿ ಹಾಕ್ತೀನಿ, ನೋವು ಗೊತ್ತಾಗಂಗಿಲ್ಲ. ಎಚ್ಚರ ಇರ್ತಿ."

"ಎಲ್ಲಿ ನಿಲ್ಲಸಬೇಕಂತ ಹೆಂಗ ಗೊತ್ತಾಗ್ತತ್ರಿ?"

"ಸಪ್ಪಳದಾಗ. ಮ್ಯಾಲೆ ಹಣಿ ಎಲುಬು ದಪ್ಪ. ಉಳಿ ಅಲ್ಲಿಗೆ ಮುಟ್ಟಿದ್ರ ಸಪ್ಪಳ ಬದಲಾಗ್ತತಿ. ಅದನ್ನ ದಾಟಬಾರದು." ಆಮೇಲೆ ತಮ್ಮ ಕಿವಿ ಮುಟ್ಟಿಕೊಂಡರು. "ತೋಪಿನ ಸಪ್ಪಳಕ್ಕ ನನ್ನ ಕಿವಿ ಮಂದ ಆಗ್ಯಾವ. ನೀನು ಹಾಡೋನು, ನೀನ ಕೇಳು. ಬದಲಾದ್ರ ಬಲಗೈ ಬೆರಳೆತ್ತು. ಎತ್ತಿದ ಕೂಡ್ಲೆ ನಿಲ್ಲಸ್ತೀನಿ."

ನನ್ನ ಹಣೆಬರಹ ನೋಡಿ. ಎದ್ದು ಓಡಬೇಕೆನ್ನಿಸಿತು. ಓಡಿದರೂ ಎಲ್ಲಿಗೆ, ಪರದೆ ಎಳೆಯುವುದಕ್ಕೇ ತಾನೆ?

ಮೇಜಿನ ಮೇಲೆ ಮಲಗಿಸಿ ಸೂಜಿ ಹಾಕಿದರು, ನರ್ಸಮ್ಮ ತಲೆ ಹಿಡಿದಳು. ಟಕ್, ಟಕ್. ಏಟು ಹೊರಗೆಲ್ಲೋ ಬೀಳುತ್ತಿತ್ತು, ಸಪ್ಪಳ ಮಾತ್ರ ತಲೆಬುರುಡೆಯ ಒಳಗೇ. ಅಷ್ಟು ಗಮನವಿಟ್ಟು ನಾನು ಶ್ರುತಿಪೆಟ್ಟಿಗೆಯನ್ನೂ ಕೇಳಿರಲಿಲ್ಲ. ಬಲಪಕ್ಕದಲ್ಲಿ ಸಪ್ಪಳ ಗಟ್ಟಿಯಾಯಿತು, ಬೆರಳೆತ್ತಿದೆ, ಸುತ್ತಿಗೆ ನಿಂತಿತು.

ಎಡಪಕ್ಕದಲ್ಲಿ ಧೈರ್ಯ ಕೈಕೊಟ್ಟಿತು. ಉಳಿ ಕಣ್ಣಿನ ಬಳಿಗೇ ಬಂತೆನ್ನಿಸಿತು. ಸಪ್ಪಳ ಬದಲಾಗಿರಲಿಲ್ಲ. ಆದರೂ ಬೆರಳು ಮೇಲೆದ್ದಿತು.

ಸುತ್ತಿಗೆ ನಿಂತಿತು. ಅರ್ಧ ಕತ್ತರಿಸಿದ ಎಲುಬನ್ನು ಹಾಗೇ ಬಿಟ್ಟರೆ ಮೂಗು ಸೊಟ್ಟಗೇ ಉಳಿಯುತ್ತದೆಂದು ನನಗೆ ಗೊತ್ತಿತ್ತು. ಹೆದರಿದೆ ಎನ್ನಲು ನಾಚಿಕೆ. ಡಾಕ್ಟರ ಉಸಿರು ಹಣೆಗೆ ತಾಗುತ್ತಿತ್ತು. ಎಷ್ಟು ಹೊತ್ತಾಯಿತೋ, ಕಣ್ಣು ಬಿಗಿಯಾಗಿ ಮುಚ್ಚಿ ಬೆರಳನ್ನು ನಾನೇ ಇಳಿಸಿದೆ. ಮತ್ತೆ ಟಕ್, ಟಕ್. ಇನ್ನೇನು ಸತ್ತೆ ಅನ್ನುವಾಗ ಸಪ್ಪಳ ಗಟ್ಟಿಯಾಯಿತು. ಎತ್ತಿದೆ. ಎರಡು ಹೆಬ್ಬೆರಳು ಮೂಗನ್ನು ಒತ್ತಿದವು, ಒಳಗೆ ಲಟಕ್ಕೆಂದಿತು.

ಮರುದಿನ ಡಾಕ್ಟರು ವಾರ್ಡಿನ ಆ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಪಟ್ಟಿ ಕಟ್ಟಿದ ಮೂಗಿನಲ್ಲೇ ನರ್ಸಮ್ಮನಿಗೆ ಪಿಸುಗುಟ್ಟಿದೆ: "ಈ ಕಿವುಡಪ್ಪನ ಕೈಯಾಗ ಬದುಕಿದ್ದ ದೊಡ್ಡದು."

"ಬದುಕೀದಿ ಹೌದಿಲ್ಲೋ, ಗಂಜಿ ಕುಡಿ" ಎಂದರು ಡಾಕ್ಟರು, ತಿರುಗದೆಯೇ.

ನರ್ಸಮ್ಮ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. "ಅವರಿಗೆ ಗುಂಡುಸೂಜಿ ಬಿದ್ರೂ ಕೇಳಸ್ತತಿ. ಕೆಲಸ ಕೊಟ್ರ ಮಂದಿ ಅಳ್ಳಾಡಂಗಿಲ್ಲಂತ ಎಲ್ಲಾರಿಗೂ ಹಂಗ ಹೇಳ್ತಾರ."

ಮೂಗು ನೆಟ್ಟಗಾಯಿತು, ಮತ್ತೆ ರಾಣಿಯಾದೆ. ಇದನ್ನು ನಾನು ಮೋಸಹೋದ ಕಥೆಯೆಂದು ಕಂಡವರಿಗೆಲ್ಲ ಹೇಳಿ ನಗಿಸುತ್ತಾ ಬಂದೆ. ಮೊನ್ನೆ ಮನೆಗೆ ಬರುವ ದಾರಿಯಲ್ಲಿ ಅದು ಇದ್ದಕ್ಕಿದ್ದಂತೆ ಬೇರೆಯಾಗಿ ಕಂಡು, ಅಲ್ಲೇ ಒಂದು ಅಂಗಡಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಿವಿ ಅಷ್ಟು ಚುರುಕಾಗಿದ್ದರೆ, ಎಡಪಕ್ಕದ ಎಲುಬು ಪೂರ್ತಿ ಕಡಿದಿಲ್ಲವೆಂದು ಅವರಿಗೆ ಗೊತ್ತೇ ಇತ್ತು. ನನ್ನ ಬೆರಳು ಸುಳ್ಳು ಹೇಳುತ್ತಿದೆ ಎಂದೂ ಗೊತ್ತಿತ್ತು. ಆದರೂ ನಿಲ್ಲಿಸಿದ್ದರು. ನಾನೇ ಇಳಿಸುವ ತನಕ ಸುಮ್ಮನೆ ಕಾದಿದ್ದರು.