ಅಕ್ಕೋರ ಎಡಗಿವಿ

ಅವರ ಎಡಗೈ ಎಡಗಿವಿಯ ಹಿಂದೆಯೇ ಹುಟ್ಟಿ ಬೆಳೆದಂತಿತ್ತು. ಐದೂ ಬೆರಳು ಕೂಡಿಸಿ, ಅಂಗೈಯನ್ನು ಕರಟದಂತೆ ಬಾಗಿಸಿ ಕಿವಿಯ ಬೆನ್ನಿಗೆ ಒತ್ತುವರು. ಕತ್ತು ಒಂದಿಷ್ಟು ವಾಲುವುದು. ಆಮೇಲೆ "ಆಂ?" ಎನ್ನುವರು. ಕೈ ಒತ್ತಿ ಒತ್ತಿ ಕೆಂಪು ಹರಳಿನ ಬೆಂಡೋಲೆಯ ತಿರುಪು ಕಿವಿಯ ಹಿಂದೆ ಒಂದು ಕಪ್ಪು ಕಲೆ ಮಾಡಿತ್ತು. ಇಷ್ಟೆಲ್ಲ ನಾನು ಗಮನಿಸಿದ್ದು ಭಕ್ತಿಯಿಂದಲ್ಲ. ಅಣಕಿಸುವವನಿಗೆ ಕಲೆಯೂ ಬೇಕು, ತಿರುಪೂ ಬೇಕು.

ನನಗೆ ಆಗ ಇಪ್ಪತ್ತೊಂದು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ದುಂಡನೆಯ ಅಕ್ಷರ, ಯಾರ ದನಿಯನ್ನಾದರೂ ಎತ್ತಿಕೊಳ್ಳುವ ನಾಲಿಗೆ, ಇವೆರಡೇ ನನ್ನ ಆಸ್ತಿ. ಅಕ್ಷರದ ದೆಸೆಯಿಂದ ಶಿಕಾರಿಪುರದ ಬ್ಲಾಕ್ ಕಚೇರಿಯಲ್ಲಿ ಹಂಗಾಮಿ ಗುಮಾಸ್ತಿಕೆ ಸಿಕ್ಕಿತು. ನಾಲಿಗೆಯ ದೆಸೆಯಿಂದ ಅದು ವಾರಕ್ಕೊಮ್ಮೆ ಹೋಗುವ ಹಂತಕ್ಕೆ ಬರುತ್ತಿತ್ತು. ಸಾಹೇಬರು ನಶ್ಯ ಏರಿಸಿ, ಸೀನು ಬರುವ ಮುಂಚೆ ಎದುರಿನ ಫೈಲನ್ನು ಜೋಪಾನವಾಗಿ ಮುಚ್ಚುವ ಬಗೆಯನ್ನು ನಾನು ಮಾಡಿ ತೋರಿಸಿದರೆ ಜವಾನ ಗೋಡೆ ಹಿಡಿದುಕೊಂಡು ನಗುತ್ತಿದ್ದ. ಒಮ್ಮೆ ಕನ್ನಡಿಯೆದುರು ನನ್ನನ್ನೇ ಅಣಕಿಸಲು ನೋಡಿದೆ. ಅಲ್ಲಿ ಹಿಡಿಯಲು ಏನೂ ಸಿಗಲಿಲ್ಲ.

ಪಂಚವಾರ್ಷಿಕ ಯೋಜನೆಯ ಕಾಲ. ಯಾವ ಊರಿಗೆ ಏನು ಬೇಕು ಎಂದು ಮನೆಮನೆಗೆ ಹೋಗಿ ಕೇಳಬೇಕು, ಫಾರಂ ತುಂಬಬೇಕು. ಅದನ್ನು ನೋಡಿ ಶಿವಮೊಗ್ಗಕ್ಕೆ ಪಟ್ಟಿ ಹೋಗಬೇಕು. ಕೇಳುವವರು ಗ್ರಾಮಸೇವಿಕೆ, ಬರೆಯುವವನು ನಾನು. ಗ್ರಾಮಸೇವಿಕೆ ಎಂಬುದು ಕಾಗದದ ಮಾತು, ಊರವರ ಬಾಯಲ್ಲಿ ಅವರು ಅಕ್ಕೋರು. ಸೊರಬದ ಸೀಮೆಯವರು, ಕುಬಟೂರಿನಲ್ಲಿ ಅಣ್ಣನ ಮನೆ. ನಲವತ್ತರ ಆಸುಪಾಸು. ಗಂಡಸರ ಕೊಡೆ, ಟೈರಿನ ಮೆಟ್ಟು, ಹೆಗಲಿಗೊಂದು ಚೀಲ. ನಮ್ಮ "ಏನ್ರೀ, ಯಾಕ್ರೀ"ಗಳ ನಡುವೆ ಅವರ "ಎಂತದು ಮಾರಾಯಾ" ಎಂಬುದು ಬೇರೆ ಅಕ್ಕಿಯ ಅನ್ನದ ಹಾಗೆ ಕೇಳಿಸುತ್ತಿತ್ತು.

ಅವರ ಜೊತೆ ಹೋದ ಮೊದಲ ವಾರದ ಮಾತು. ಬಳ್ಳಿಗಾವಿ ರಸ್ತೆಯ ಒಂದು ಹಳ್ಳಿಯಲ್ಲಿ ರೈತನೊಬ್ಬ ಕೈಮುಗಿದು ನಿಂತ. "ಎಲ್ಲಾ ಚಲೋ ಐತ್ರೀ ಅಕ್ಕೋರೇ. ಸರ್ಕಾರದವ್ರು ನಮ್ಮ ಬಾಗಿಲಿಗೆ ಬಂದ್ರಲ್ಲ, ಅದಾ ದೊಡ್ಡದು."

ನಾನು "ಎಲ್ಲವೂ ತೃಪ್ತಿಕರ" ಎಂದು ಬರೆಯಲು ಹೊರಟೆ. ಅಕ್ಕೋರ ಕೈ ಕಿವಿಗೆ ಹೋಯಿತು. "ಆಂ?"

"ಚಲೋ ಐತಿ ಅಂದ್ನ್ರೀ!" ಎಂದು ಕೂಗಿದ ಅವನು, ಅದೇ ಉಸಿರಿನಲ್ಲಿ ಮುಖ ಸಿಂಡರಿಸಿದ. "ಎಲ್ಲೀ ಚಲೋ ರೀ? ಕೆರಿ ತೂಬು ಒಡದು ಎರಡು ವರ್ಷ ಆತು. ನೀರೆಲ್ಲಾ ಹಳ್ಳದ ಪಾಲು, ಗದ್ದಿ ಒಣಗಾಕತ್ತಾವ. ಯಾರ ಕಿವ್ಯಾಗ ಊದಬೇಕ್ರೀ ನಾವು?"

"ಈಗ ಕೇಳ್ತು," ಅಂದರು ಅಕ್ಕೋರು. ನನ್ನ ಕಡೆ ತಿರುಗಿ, "ತೂಬು ಅಂತ ಬರಿ ಮಾರಾಯಾ."

ದಾರಿಯಲ್ಲಿ ಅವರು ಹೇಳಿದ ಮಾತು ಇದು. "ಮೊದಲನೇ ಉತ್ತರ ಕಚೇರಿಗೆ. ಎರಡನೇದು ನಂಗೆ."

ಹೀಗೆ ರೇಡಿಯೋ ಬೇಕು ಎಂದವರು ಎರಡನೇ ಸಲಕ್ಕೆ ದನದ ಡಾಕ್ಟರು ಬೇಕು ಎಂದರು. ಸಮುದಾಯ ಭವನ ಕೇಳಿದವರು ಹಳ್ಳ ದಾಟಲು ಒಂದು ಸಂಕ ಕೇಳಿದರು. ಚಿಕ್ಕಂದಿನಲ್ಲಿ ಮಲೆಜ್ವರಕ್ಕೆ ಕ್ವಿನೈನ್ ತಿಂದು ತಿಂದು ಕಿವಿ ಮಂದವಾಯಿತು ಎಂದು ಅಕ್ಕೋರು ಒಮ್ಮೆ ಹೇಳಿದ್ದರು. ನಾನು ನಂಬಲಿಲ್ಲ. ಇದು ಕಿವುಡಲ್ಲ, ಕಸುಬು ಎಂದುಕೊಂಡೆ. ಒಬ್ಬ ನಟನ ಗುರುತು ಇನ್ನೊಬ್ಬ ನಟನಿಗೆ ಹತ್ತುತ್ತದೆ ಎಂಬ ಜಂಬ ಬೇರೆ. ಕಚೇರಿಯ ಜಗಲಿಯಲ್ಲಿ ನನ್ನ "ಆಂ?" ಅವರದಕ್ಕಿಂತ ಚೆನ್ನಾಗಿದೆ ಎಂದು ಹೆಸರಾಯಿತು.

ಯುಗಾದಿ ಕಳೆದ ಬಿಸಿಲು. ಅಕ್ಕೋರಿಗೆ ಅದೇ ದಿನ ಬೇರೊಂದು ಹಳ್ಳಿಗೆ ಹೋಗಬೇಕಾಗಿದ್ದರಿಂದ ಬಳ್ಳಿಗಾವಿಯ ಆಚೆಗಿನ ಒಂದು ಕೇರಿಗೆ ನನ್ನೊಬ್ಬನನ್ನೇ ಕಳಿಸಿದರು. "ಹತ್ತೊಂಬತ್ತು ಮನೆ. ಎಲ್ಲಾ ಬಾಗಿಲಿಗೂ ಹೋಗು. ಹೆಂಗಸರನ್ನೇ ಕೇಳು. ಎರಡು ಸಲ ಕೇಳು," ಎಂದು ಹೇಳಿಯೇ ಕಳಿಸಿದರು.

ಮೊದಲ ಮನೆಯಲ್ಲಿ ಐವತ್ತು ದಾಟಿದ ಒಬ್ಬ ಅವ್ವ ಆಗಷ್ಟೇ ಕೊಡ ಇಳಿಸುತ್ತಿದ್ದಳು. ಸಿಂಬಿ ಇನ್ನೂ ತಲೆಯ ಮೇಲೇ ಇತ್ತು. ಕುಡಿಯುವ ನೀರು ಹೇಗೆ ಎಂದು ಕೇಳಿದೆ.

"ನೀರಾ?" ಅಂದಳು. "ಸಾಕಾಗೇತಪಾ. ಸಾಕಾಗೇತಿ."

ಮೊದಲ ಮಾತು ಕೊಡದ ಜೊತೆ ಇಳಿಯಿತು. ಎರಡನೆಯದು ರಾಟೆಯಿಂದ ಹಗ್ಗ ಜಾರಿದಂತೆ ಕೆಳಗೆ ಕೆಳಗೆ ಹೋಗಿ ಎಲ್ಲೋ ತಳ ಸೇರಿತು. ನನಗೆ ಖುಷಿಯೋ ಖುಷಿ. ಎಂಥ ದನಿ! ಮನಸ್ಸಿನಲ್ಲೇ ನಾಲ್ಕು ಸಲ ಅಂದುಕೊಂಡು ಬಾಯಿಪಾಠ ಮಾಡಿದೆ. ಫಾರಂನಲ್ಲಿ ಮಾತ್ರ ಅವಳ ಮಾತನ್ನು ಬರೆಯುವ ಕನ್ನಡಕ್ಕೆ ತಿದ್ದಿ, ದುಂಡಗೆ "ಸಾಕಾಗಿದೆ" ಎಂದು ಬರೆದೆ. ಎರಡನೇ ಸಲ ಕೇಳಲಿಲ್ಲ.

ಉಳಿದ ಹದಿನೆಂಟು ಮನೆಗೂ ಹೊರಗಿನಿಂದ ಚಿಲಕ ಹಾಕಿತ್ತು. ಒಂದು ನಾಯಿ ಬಿಟ್ಟರೆ ಕೇರಿಯಲ್ಲಿ ಯಾರೂ ಇಲ್ಲ. ಹುಣಸೆಮರದ ಕೆಳಗೆ ಕುಳಿತೆ. ಒಂದು ಮನೆಗೆ ಸಾಕಾಗಿದ್ದು ಪಕ್ಕದ ಮನೆಗೆ ಸಾಕಾಗದೆ ಇರುತ್ತದೆಯೇ ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡು, ಹದಿನೆಂಟು ಸಲ "ಸಾಕಾಗಿದೆ" ಬರೆದೆ. ಕೈ ನೊಂದರೂ ಅಕ್ಷರ ಕೆಡಲಿಲ್ಲ. ಮರುದಿನ ಅಕ್ಕೋರಿಗೆ ಓದಿ ಹೇಳಿದೆ. ಎಲ್ಲದರ ಕೆಳಗೂ ಅವರು ರುಜು ಹಾಕಿದರು.

ಐದಾರು ದಿನ ಕಳೆದು, ಮಧ್ಯಾಹ್ನ ಬುತ್ತಿ ಬಿಚ್ಚಿದ ಹೊತ್ತಿಗೆ ಗುಮಾಸ್ತರೆಲ್ಲ ಹೊಸದೇನಾದರೂ ಮಾಡು ಎಂದು ಗಂಟುಬಿದ್ದರು. ನಾನು ಆ ಅವ್ವನನ್ನು ಮಾಡಿದೆ. ಇಲ್ಲದ ಕೊಡ ಇಳಿಸಿದೆ. ಇಲ್ಲದ ಸಿಂಬಿ ಸರಿಮಾಡಿಕೊಂಡೆ. "ಸಾಕಾಗೇತಪಾ. ಸಾಕಾಗೇತಿ." ಎಲ್ಲರೂ ನಕ್ಕರು.

ಅಕ್ಕೋರು ನಗಲಿಲ್ಲ. ರೊಟ್ಟಿ ಮಡಚಿಟ್ಟು ನನ್ನೆದುರು ಬಂದು ನಿಂತರು. ಕೈ ಕಿವಿಗೆ ಹೋಯಿತು. "ಇನ್ನೊಂದು ಸಲ ಅನ್ನು."

ಅಂದೆ.

"ಅವ್ರು ಹಿಂಗೇ ಅಂದ್ರಾ?"

"ಹಿಂಗಾ ಅಂದ್ಲು ರೀ. ಕೂದಲೆಳಿಯಷ್ಟೂ ಫರಕಿಲ್ಲ."

"ಫಾರಂನಲ್ಲಿ ಎಂತ ಬರ್ದೆ?"

"ಸಾಕಾಗಿದೆ ಅಂತ ರೀ."

ಅವರು ನನ್ನ ಬಾಯನ್ನೇ ನೋಡಿದರು. "ಎಂತ ಸಾಕಾಗಿದೆ ಮಾರಾಯಾ? ನೀರು ಸಾಕಾಗಿದ್ಯಾ? ಹೊತ್ತು ಹೊತ್ತು ಜೀವ ಸಾಕಾಗಿದ್ಯಾ?"

ನಾನು ಬುತ್ತಿಯ ಗಂಟು ಕಟ್ಟತೊಡಗಿದೆ.

"ಎಲ್ಲಾ ಮನೆಗೂ ಹೋಗಿದ್ಯಾ?"

"ಹೋಗಿದ್ದೆ ರೀ."

"ಆಂ?"

"ಹೋಗಿದ್ದೆ ರೀ ಅಕ್ಕೋರೇ!" ಎರಡನೇ ಸಲ ಇನ್ನೂ ಗಟ್ಟಿಯಾಗಿ ಹೇಳಿದೆ. ಅವರೆದುರು ಎರಡನೇ ಸಲವೂ ಸುಳ್ಳು ಹೇಳಿದವನು ಆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಅವರು ಕೈ ಇಳಿಸಿದರು. ಕೊಡೆ ತೆಗೆದುಕೊಂಡು ಆಗಲೇ ಹೊರಟುಹೋದರು.

ಮರುದಿನ ಸೀರೆಯ ಅಂಚಿಗೆ ಒಣಗಿದ ಕೆಸರು ಮೆತ್ತಿಕೊಂಡೇ ಕಚೇರಿಗೆ ಬಂದರು. ಆ ಕೇರಿಯ ಬಾವಿ ಶಿವರಾತ್ರಿಗೇ ಬತ್ತಿತ್ತಂತೆ. ಹೆಂಗಸರು ಒಂದೂವರೆ ಮೈಲಿ ನಡೆದು, ಒಣಗಿದ ಕೆರೆಯ ಅಂಗಳದಲ್ಲಿ ಒರತೆ ತೋಡಿ, ಜಿನುಗುವ ನೀರನ್ನು ಕರಟದಲ್ಲಿ ಮೊಗೆದು ಕೊಡ ತುಂಬುತ್ತಿದ್ದರು. ಅವರ ನಡುವೆ ತುಂಬಿದ ಬಸುರಿಯೊಬ್ಬಳು ಬೆಳಗಿನಿಂದ ಪಾಳಿ ಕಾಯುತ್ತ ಕುಳಿತಿದ್ದಳು. ಪಟ್ಟಿ ಶಿವಮೊಗ್ಗಕ್ಕೆ ಹೋಗಲು ನಾಲ್ಕು ದಿನ ಉಳಿದಿತ್ತು. ಈ ಸಲ ತಪ್ಪಿದರೆ ಆ ಕೇರಿಗೆ ಹೊಸ ಬಾವಿ ಇನ್ನು ಐದು ವರ್ಷ ಇಲ್ಲ.

ಅಕ್ಕೋರು ನನ್ನನ್ನೂ ಕರೆದುಕೊಂಡು ಸಾಹೇಬರ ಎದುರು ನಿಂತರು. ಸಾಹೇಬರು ಫಾರಂ ಕಟ್ಟು ಬಿಚ್ಚಿ ನೋಡಿದರು. ಕೆಟ್ಟವರಲ್ಲ. ಆದರೆ ಬರೆದದ್ದನ್ನು ಬಿಟ್ಟು ಬೇರೆ ಯಾವುದನ್ನೂ ನಂಬದ ಮನುಷ್ಯ.

"ಹತ್ತೊಂಬತ್ತು ಮನೆ, ಹತ್ತೊಂಬತ್ತು 'ಸಾಕಾಗಿದೆ'. ಕೆಳಗೆ ನಿಮ್ಮದೇ ರುಜು. ಇದರಲ್ಲಿ ಇನ್ನೇನು ಓದಲಿ ಹೇಳಿ?"

ಅಕ್ಕೋರು ನನಗೆ ಹೇಳಿದರು. "ಅವ್ರು ಹೆಂಗಂದ್ರು ಅಂತ ಸಾಹೇಬ್ರಿಗೆ ಅಂದು ತೋರ್ಸು."

ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ವಿದ್ಯೆ ಯಾರಿಗಾದರೂ ಬೇಕಾಗಿತ್ತು. ಬಾಯಿ ತೆರೆದೆ. ದಿನಾ ಅಣಕಿಸುತ್ತಿದ್ದ ಮುಖ ಎದುರಿಗೇ ಇತ್ತು, ನಶ್ಯದ ಡಬ್ಬಿ ಮೇಜಿನ ಮೇಲಿತ್ತು. ಬಂದದ್ದು ಆ ಅವ್ವನ ದನಿಯಲ್ಲ, ಜಗಲಿಯ ಮೇಲೆ ನಗಿಸುವ ಕೋಡಂಗಿಯ ದನಿ. ಬಾಗಿಲ ಹಿಂದೆ ಜವಾನ ಕಿಸಕ್ಕೆಂದ.

"ಇದೇನು ನಾಟಕ ಕಂಪನಿಯೇನ್ರೀ?" ಸಾಹೇಬರು ಕಟ್ಟನ್ನು ಮತ್ತೆ ಕಟ್ಟತೊಡಗಿದರು.

ಆಗ ಅಕ್ಕೋರು, ಕಿವಿಗೆ ಕೈ ಒಡ್ಡದೆ, ಎರಡೂ ಕೈ ಕೆಳಗೆ ಬಿಟ್ಟುಕೊಂಡೇ ಹೇಳಿದರು. "ತಪ್ಪು ನನ್ನದು ಸಾರ್. ರುಜು ಹಾಕೋ ಮುಂಚೆ ಇವನು ಓದಿ ಹೇಳಿದ್ದು ನಂಗೆ ಸರಿಯಾಗಿ ಕೇಳಿಲ್ಲ. ನಂಗೆ ಕಿವಿ ಕೇಳೋದಿಲ್ಲ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ಕೆಲಸಕ್ಕೆ ಸೇರೋವಾಗ ಮುಚ್ಚಿಟ್ಟಿದ್ದೆ. ನನ್ನ ರುಜು ಇರೋ ಫಾರಂ ಒಂದನ್ನೂ ನಂಬಬೇಡಿ. ಬೇರೆಯವರನ್ನ ಕಳಿಸಿ ಮತ್ತೆ ಕೇಳಿಸಿ."

ಸಾಹೇಬರು ಕನ್ನಡಕ ತೆಗೆದಿಟ್ಟರು. "ಸುಳ್ಳು ನನ್ನದು" ಎನ್ನಲು ಎರಡೇ ಪದ ಸಾಕಿತ್ತು. ಅದು ನಟನೆಯನ್ನೇನೂ ಬೇಡುತ್ತಿರಲಿಲ್ಲ. ನಾನು ನನ್ನ ಹಂಗಾಮಿ ಕೆಲಸ ಹಿಡಿದುಕೊಂಡು ಸುಮ್ಮನೆ ನಿಂತೆ.

ಮತ್ತೆ ಕೇಳಿಬರಲು ಬೇರೊಬ್ಬ ಗ್ರಾಮಸೇವಕರನ್ನು ನೇಮಿಸಿದರು. ಜೊತೆಗೆ ನಾನು. ಹೊರಡುವಾಗ ಅಕ್ಕೋರು ಹೇಳಿದ್ದು ಇಷ್ಟೇ. "ಮನೆ ಹತ್ರ ಹೋಗ್ಬೇಡಿ. ಒರತೆ ಹತ್ರ ಹೋಗಿ."

ಹೋದೆವು. ಬಿರಿದ ಕೆರೆಯಂಗಳದಲ್ಲಿ ಕುಳಿಗಳ ಸುತ್ತ ಹೆಂಗಸರು ಕುಳಿತಿದ್ದರು. ಮೊದಲ ಮನೆಯ ಅವ್ವ ನನ್ನ ಗುರುತು ಹಿಡಿದಳು.

"ಬಂದ್ಯಾ? ಅಕ್ಕೋರು ಹೇಳಿದ್ರು, ನನ್ನ ಹಂಗ ಮಾತಾಡಿ ಪ್ಯಾಟಿ ಮಂದೀನ ನಗಸ್ತೀಯಂತಲ್ಲೋ! ಮಾತು ಹೊತ್ಕೊಂಡು ಹೋದಿ, ಕೊಡಾನೂ ಹೊತ್ಕೊ ನೋಡಾಣು."

ಸುತ್ತಲಿದ್ದವರು ಸೆರಗು ಬಾಯಿಗೆ ಹಿಡಿದು ನಕ್ಕರು. ಅವಳೇ ನನ್ನ ತಲೆಗೆ ಸಿಂಬಿ ಇಟ್ಟು ಕೊಡ ಹೊರಿಸಿದಳು. ಅರ್ಧ ದಾರಿಗೆ ಕತ್ತಿನ ನರ ಹಗ್ಗವಾಯಿತು, ಅರ್ಧ ನೀರು ನನ್ನ ಅಂಗಿಗೇ ಆಯಿತು. "ಸಾಕಾಗೇತಿ ಬೇ" ಎಂಬ ದನಿ ತಾನಾಗಿ ಹೊರಬಿತ್ತು. ಸಾಹೇಬರೆದುರು ಬರಬೇಕಾಗಿದ್ದ ದನಿ ಅದು. ಅವ್ವ ತಿರುಗಿ ನೋಡಿದಳು. ನಗಲಿಲ್ಲ. ಕೊಡ ಇಸಿದುಕೊಂಡು ಮುಂದೆ ನಡೆದಳು.

ಕೇರಿಯ ಹೆಸರು ಪಟ್ಟಿಗೆ ಸೇರಿತು. ಅಕ್ಕೋರನ್ನು ಡಾಕ್ಟರ ತಪಾಸಣೆಗೆ ಕಳಿಸಿದರು. ಎರಡು ತಿಂಗಳೊಳಗೆ ಅವರ ಕೆಲಸ ಹೋಯಿತು. ಹೊರಟ ದಿನ ಸೊರಬದ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನಗೆ ಏನೋ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಇನ್ನೊಂದು ಸಲ ಹೇಳಿ ಎನ್ನುವಷ್ಟು ಮುಖ ನನಗಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಬಾವಿ ಆಯಿತು. ಕೇರಿಯವರೇ ಗುದ್ದಲಿ ಹಿಡಿದರು. ನಾನೂ ನಾಲ್ಕು ದಿನ ಮಣ್ಣು ಹೊತ್ತೆ. ನೀರು ಕಂಡ ವಾರ, ಔಷಧಿಯ ಒಂದು ದೊಡ್ಡ ಸೀಸೆಯನ್ನು ತೊಳೆದು, ಅದರ ತುಂಬ ಬಾವಿಯ ನೀರು ಹಿಡಿದುಕೊಂಡು ಕುಬಟೂರಿಗೆ ಹೋದೆ.

ಅಕ್ಕೋರು ಜಗಲಿಯ ಮೇಲೆ ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದರು. ಬಡವಾಗಿದ್ದರು. ಬಾವಿಯ ಸುದ್ದಿ ಹೇಳಿದೆ. ಎಷ್ಟು ಆಳ, ಕಲ್ಲು ಕಟ್ಟಿದರೋ, ಸುತ್ತ ಕಟ್ಟೆ ಇದೆಯೋ, ಕೊಚ್ಚೆ ಒಳಗೆ ಹೋಗುವುದಿಲ್ಲ ತಾನೇ ಎಂದು ಎಲ್ಲ ವಿಚಾರಿಸಿದರು. ಆಮೇಲೆ ನಾನು, ಕೇಳಿಸದಿದ್ದರೆ ಒಳ್ಳೆಯದು ಎಂಬಷ್ಟು ಮೆಲ್ಲಗೆ ಅಂದೆ. "ಅವತ್ತು ನಾನು ಒಂದಾ ಮನಿ ಕೇಳಿದ್ದು ರೀ. ಉಳಿದದ್ದು ಮರದ ಕೆಳಗ ಕುಂತು ಬರದೆ."

ಕೈ ಕಿವಿಗೆ ಹೋಯಿತು. "ಆಂ?"

ಗಟ್ಟಿಯಾಗಿ ಹೇಳಿದೆ. ಒಳಗಿದ್ದ ಅವರ ಅತ್ತಿಗೆ ಬಾಗಿಲಿಗೆ ಬಂದು ಇಣುಕಿ ನೋಡಿದರು.

"ಮೊದಲನೇ ಸಲಾನೇ ಕೇಳ್ತು," ಅಂದರು ಅಕ್ಕೋರು. "ಅವತ್ತು ಬುತ್ತಿ ಹೊತ್ನಲ್ಲಿ ನೀನು ಹೋಗಿದ್ದೆ ಅಂದ ಸುಳ್ಳೂ ಮೊದಲನೇ ಸಲಾನೇ ಕೇಳಿತ್ತು. ಹೋಗಿ ನೋಡಿದೆ, ಆ ಹೊತ್ನಲ್ಲಿ ಆ ಕೇರೀಲಿ ಒಂದು ಬಾಗಿಲು ತೆರೆದಿದ್ರೆ ಹೆಚ್ಚು ಮಾರಾಯಾ. ಎಲ್ಲಾರೂ ನೀರಿಗೆ ಹೋಗಿರ್ತಾರೆ. ಬಾಗಿಲು ಹಾಕಿತ್ತು ಅಂತ ಬರ್ದಿದ್ರೂ ಸಾಕಿತ್ತು, ಅದೇ ಉತ್ತರ."

"ಮತ್ತ ನನ್ನ ಯಾಕ ಉಳಿಸಿದ್ರಿ ಅಕ್ಕೋರೇ?"

ಅವರಿಗೆ ನಗು ಬಂತು. "ನಿನ್ನನ್ನಾ? ಹುಡುಗ ಸುಳ್ಳು ಬರ್ದ ಅಂದಿದ್ರೆ ನಿನ್ನ ಕೆಲಸದಿಂದ ತೆಗೆದು, ಕೆಳಗೆ ನನ್ನ ರುಜು ಇದೆಯಲ್ಲ ಅಂತ ಫಾರಂ ಇಟ್ಕೊಳ್ತಿದ್ರು. ನನ್ನ ಕಿವೀನೇ ಸರಿಯಿಲ್ಲ ಅಂದ್ರೆ ಫಾರಂ ಇಟ್ಕೊಳ್ಳೋ ಹಂಗಿಲ್ಲ." ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. "ನನ್ನನ್ನೂ ಇಟ್ಕೊಳ್ಳೋ ಹಂಗಿರಲಿಲ್ಲ, ಅದು ಬೇರೆ."

ಇಡೀ ಒಂದು ವರ್ಷ, ನನ್ನಂಥವನಿಗಾಗಿ ಒಬ್ಬರು ಅಷ್ಟು ಮಾಡಿದರಲ್ಲ ಎಂದು ಒಳಗೊಳಗೇ ಉಬ್ಬಿದ್ದೆ. ಆ ಲೆಕ್ಕದಲ್ಲಿ ನಾನು ಇರಲೇ ಇಲ್ಲ. ಇಂದಿಗೂ ಫಾರಂ ತುಂಬುವ ಕೆಲಸವೇ ನನ್ನದು. ಅವರು ಬಿಟ್ಟುಹೋದ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಜನ ಹೇಳಿದ ಮಾತನ್ನು ತಿದ್ದದೆ ಹಾಗೇ ಬರೆಯುತ್ತೇನೆ. ಸಾಹೇಬರು ಬೈಯುತ್ತಾರೆ.

ಅವತ್ತು ಆ ಜಗಲಿಯ ಮೇಲೆ ಸೀಸೆಯ ಬಿರಡೆ ತೆಗೆದು ಲೋಟಕ್ಕೆ ನೀರು ಬಗ್ಗಿಸಿಕೊಟ್ಟೆ. ಅಕ್ಕೋರು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು. ಲೋಟ ಕೆಳಗಿಟ್ಟು "ಸಾಕು" ಅಂದರು.

ನನ್ನ ಎಡಗೈ ತಾನಾಗಿ ಕಿವಿಯ ಹಿಂದೆ ಹೋಯಿತು. ಅಣಕಿಸಲು ಅಲ್ಲ. "ಆಂ?" ಅಂದೆ.

ಅವರು ನನ್ನ ಕೈಯನ್ನು ನೋಡಿದರು, ಮುಖವನ್ನು ನೋಡಿದರು. ಲೋಟವನ್ನು ನನ್ನ ಕಡೆ ಸರಿಸಿದರು.

"ಇನ್ನೊಂದು ಗುಟುಕು ಹಾಕು."