ಮರಳಿಗೆ ಹೋಗುವ ಜೀಪು

ನಮ್ಮ ಯಜಮಾನರಿಗೆ ಸೈಕಲ್ಲು ಬಿಟ್ಟರೆ ಬೇರೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅಂಥವರು ಜೀಪು ಕೊಳ್ಳಲು ಹೊರಟರು. ಹತ್ತಿ ಗಿರಣಿಯ ಕೆಲಸ ಮುಗಿಸಿ ಮನೆಯಲ್ಲಿ ಕೂತಿದ್ದ ಕಾಲ ಅದು, ಎಂಬತ್ತನೇ ಇಸವಿಯ ಆಸುಪಾಸು. ಈ ವಯಸ್ಸಿನಲ್ಲಿ ಮುದುಕನಿಗೆ ಷೋಕಿ ಹತ್ತಿದೆ ಎಂದು ವಿನೋಬನಗರದ ನಮ್ಮ ಓಣಿಯವರು ನಕ್ಕರು. ನಾನು ನಗಲಿಲ್ಲ. ಯಾಕೆ ಬೇಕಿತ್ತೆಂದು ನನಗೆ ಗೊತ್ತಿತ್ತು.

ನಮ್ಮ ಹಿರಿಮಗ ಮಿಲಿಟರಿಯಲ್ಲಿದ್ದ. ಎಪ್ಪತ್ತೊಂದರಲ್ಲಿ ಯುದ್ಧವಾದಾಗ ರಾಜಸ್ಥಾನದ ಮರಳುಗಾಡಿನಲ್ಲಿ ಸತ್ತ. ಮೊದಲು ತಂತಿ ಬಂತು, ಆಮೇಲೆ ಅವನ ಟ್ರಂಕು ಬಂತು. ಅವನು ಬರಲಿಲ್ಲ. ಅಲ್ಲೇ ಸುಟ್ಟರಂತೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ಹೂಳುವಾಗ ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಅದಕ್ಕೆ ಮಣ್ಣು ಕೊಡುವುದು ಎನ್ನುತ್ತೇವೆ. ಕೊಟ್ಟ ಮೇಲೆ ಅಳು ಉಳಿದರೂ ಮಾಡಬೇಕಾದದ್ದು ಮುಗಿದಿರುತ್ತದೆ. ನಮ್ಮವರಿಗೆ ಅದು ಮುಗಿಯಲೇ ಇಲ್ಲ. ಊಟಕ್ಕೆ ಕೂತವರು ಕೈಯನ್ನು ತಟ್ಟೆಯಲ್ಲೇ ಬಿಟ್ಟು, ಅವನಿಗೆ ಮಣ್ಣು ಕೊಡಲಿಲ್ಲವಲ್ಲ ಎನ್ನುವರು. ನಾನು ಸಾರು ಬಡಿಸುತ್ತಿದ್ದೆ.

ಮಗನ ಜೊತೆಗಿದ್ದ ಸಿಪಾಯಿಯೊಬ್ಬ ರಜೆಗೆ ಬಂದಾಗ ನಮ್ಮ ಮನೆಗೆ ಬಂದ. ಆ ಜಾಗದ ಹತ್ತಿರ ಒಂದು ಹಳ್ಳಿ ಇದೆ, ರೈಲು, ಬಸ್ಸು ಎಲ್ಲ ಮುಗಿದ ಮೇಲೂ ಬರೀ ಮರಳು, ನಾಲ್ಕೂ ಚಕ್ರ ಎಳೆಯುವ ಜೀಪು ಮಾತ್ರ ಅಲ್ಲಿಗೆ ಹೋಗುತ್ತದೆ ಎಂದು ಹೇಳಿ, ಕಾಫಿ ಕುಡಿದು ಹೋದ. ಮರುದಿನ ನಮ್ಮವರು ಆವರಗೆರೆಯ ನಮ್ಮ ಹೊಲದಿಂದ ಮಣ್ಣು ತಂದು, ಟವೆಲಿನಲ್ಲಿ ಗಂಟು ಕಟ್ಟಿ ದೇವರ ಗೂಡಿನ ಕೆಳಗಿಟ್ಟರು. ನಮ್ಮ ಹಿರಿಯರನ್ನೆಲ್ಲ ಹೂತಿರುವುದು ಆ ಹೊಲದಲ್ಲೇ. ಮಣ್ಣು ಸಿದ್ಧವಾಯಿತು, ಇನ್ನು ಜೀಪು ಸಿಗಬೇಕು.

ಓಣಿಯ ತುದಿಯಲ್ಲಿ ಗ್ಯಾರೇಜು ಇಟ್ಟಿದ್ದ ಸಾಬರು ಇವರ ಹಳೇ ಸ್ನೇಹಿತರು. ಗಾಡಿ ನೋಡಲು, ಆಮೇಲೆ ಓಡಿಸಲು ಅವರು, ಮಾತಾಡಲು ಇವರು ಎಂದು ಇಬ್ಬರೂ ಹೊರಟರು. ಕೆಟ್ಟದ್ದು ಅಲ್ಲೇ. ಯಾರ ಬಾಗಿಲಿಗೆ ಹೋದರೂ ಇವರು ಗಾಡಿ ನೋಡುವ ಮೊದಲೇ ಮಗನ ಕಥೆ ಹೇಳಿ ಮುಗಿಸುತ್ತಿದ್ದರು. ಅದನ್ನು ಕೇಳಿದ ಮೇಲೆ ಯಾವ ಜೀಪು ತಾನೇ ಮರಳುಗಾಡಿನಿಂದ ಬಂದಿರುವುದಿಲ್ಲ? ಮಂಡಿಪೇಟೆಯ ಗೋದಾಮಿನಲ್ಲಿ ಕೋಳಿ ಕಾವಿಗೆ ಕೂತಿದ್ದ ಜೀಪು, ಎಲೆಕ್ಷನ್ನಿನಲ್ಲಿ ಮೈಕು ಕಟ್ಟಿಕೊಂಡು ತಿರುಗಿ ತಿರುಗಿ ಸವೆದಿದ್ದ ಜೀಪು, ಎಲ್ಲವೂ ಮಿಲಿಟರಿ ಹರಾಜಿನವೇ, ಎಲ್ಲವೂ ಆ ಕಡೆಯವೇ. ಒಬ್ಬನಂತೂ ತನ್ನದು ನಮ್ಮ ಮಗ ಕೂತು ಓಡಾಡಿದ ಜೀಪೇ ಇರಬೇಕು ಎಂದುಬಿಟ್ಟ. ಅವತ್ತು ಸಾಬರು ನಮ್ಮ ಜಗಲಿಯ ಮೇಲೆ ಕೂತು ರೇಗಿದರು.

“ಯಜಮಾನ್ರೆ, ನೀವು ಸ್ವಲ್ಪ ಬಾಯಿ ಮುಚ್ಕಂಡಿರ್ರಿ. ಗಾಡಿ ತನ್ ಕತಿ ತಾನೇ ಹೇಳ್ತೈತೆ. ಇವತ್ತು ನೋಡಿದ್ದನ್ನ ತಗಂಡ್ರೆ ಅರ್ಧ ದಾರಿಗೆ ಅದನ್ನೇ ಒಂಟೆ ಮ್ಯಾಲೆ ಹೊರಸ್ಕಂಡು ಹೋಗಬೇಕಾಗ್ತೈತೆ.”

ನಮ್ಮವರು ಆಗಲಿ ಎಂದರು. ಮುಂದಿನ ಮನೆಯಲ್ಲಿ ಮತ್ತೆ ಅದೇ ಕಥೆ.

ಹರಿಹರದಲ್ಲೊಂದು ಜೀಪು ಇದೆ ಎಂದಾಗ ಅವರಿಬ್ಬರ ಜೊತೆ ನಾನೂ ಹೋದೆ. ಗಿರಣಿಯ ಧೂಳು ಕುಡಿದು ಇವರಿಗೆ ಉಬ್ಬಸ ಹೆಚ್ಚಾಗಿತ್ತು, ಸಾಬರೊಬ್ಬರನ್ನೇ ನಂಬಿ ಬಸ್ಸಿಗೆ ಹತ್ತಿಸುವ ಹಾಗಿರಲಿಲ್ಲ. ಹೊಳೆಯ ದಂಡೆಯ ಹತ್ತಿರ ಹಳೇ ಗಾಡಿಗಳನ್ನು ನಿಲ್ಲಿಸಿದ್ದ ಅಂಗಳ. ಎಂದಿನಂತೆ ಕಥೆ ಆಯಿತು. ಅಂಗಳದವನು ಎಲ್ಲ ಕೇಳಿ, ಒಂದು ಜೀಪಿನ ಒಳಗೆ ಹಾಸಿದ್ದ ಗೋಣಿಚೀಲ ಎತ್ತಿದ. ಕೆಳಗೆಲ್ಲ ಮರಳು. ಆ ಕಡೆಯ ಮರಳು ಎಷ್ಟು ತೊಳೆದರೂ ಹೋಗಿಲ್ಲ ಎಂದ.

ನಮ್ಮವರು ಚಪ್ಪಲಿ ಬಿಟ್ಟರು. ಮರಳು ಮುಟ್ಟಿ ಕಣ್ಣಿಗೊತ್ತಿಕೊಂಡರು.

ನಾನೂ ಒಂದು ಹಿಡಿ ತೆಗೆದು ಉಜ್ಜಿ ನೋಡಿದೆ. ಬೆರಳಿಗೆ ಕಪ್ಪೆಚಿಪ್ಪಿನ ಚೂರು ಸಿಕ್ಕಿತು. ಹುಟ್ಟಿದಾಗಿನಿಂದ ಪಾತ್ರೆ ತಿಕ್ಕಿದ ಮರಳು, ನನಗೆ ತಿಳಿಯುವುದಿಲ್ಲವೇ?

“ಇದು ನಮ್ಮ ಹೊಳಿ ಮರಳು ಕಣ್ರಿ. ಚಿಪ್ಪು ಐತೆ ನೋಡ್ರಿ,” ಎಂದೆ.

ಅಂಗಳದವನು ಹೊಳೆಯ ಕಡೆ ಮುಖ ಮಾಡಿದ. ಸಾಬರು ಜೀಪಿನ ಅಡಿಗೆ ತೂರಿ ಏನನ್ನೋ ಬಡಿಯತೊಡಗಿದರು. ಇವರು ನಿಧಾನಕ್ಕೆ ಚಪ್ಪಲಿ ಮೆಟ್ಟಿಕೊಂಡರು. ನನ್ನ ಮೇಲೆ ಕೂಗಾಡುತ್ತಾರೆ ಅಂದುಕೊಂಡೆ.

“ಗೊತ್ತೈತೆ,” ಎಂದರು. “ಎಲ್ರೂ ಸುಳ್ಳೇ ಹೇಳಿದ್ರು, ಅದೂ ಗೊತ್ತೈತೆ. ಸುಳ್ಳು ಹೇಳಾಕಾದ್ರೂ ಅವನ ಕತಿ ಪೂರ್ತಿ ಕೇಳ್ತಾರಲ್ಲೇ. ನೀನು ಸಾರು ಬಡಸ್ತೀಯ.”

ನಾನು ಕೈಯಲ್ಲಿದ್ದ ಮರಳು ಚೆಲ್ಲಿ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅಡಿಯಿಂದ ಹೊರಬಂದ ಸಾಬರು, ಮರಳು ಎಲ್ಲಿಯದಾದರೂ ಇರಲಿ, ಇಷ್ಟು ದಿನ ನೋಡಿದವುಗಳಲ್ಲಿ ಗಟ್ಟಿ ಇರುವುದು ಇದೊಂದೇ ಎಂದರು. ಅದನ್ನೇ ಕೊಂಡೆವು.

ರಿಪೇರಿ ಬಹಳ ತಿಂಗಳು ಹಿಡಿಯಿತು. ಒಂದು ಸಾಮಾನು ಸಿಕ್ಕರೆ ಇನ್ನೊಂದು ಸಿಗದು. ಸಂಜೆ ಇವರು ಗ್ಯಾರೇಜಿಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು. ಸಾಬರು ಕೆಳಗೆ ಮಲಗಿ ಕೆಲಸ ಮಾಡುತ್ತ ಹೂಂ ಎನ್ನುವರು, ಇವರು ಮೇಲೆ ಕೂತು ಮಗನ ಮಾತಾಡುವರು. ಆಮೇಲೆ ಗ್ಯಾರೇಜಿನವರೆಗೆ ನಡೆಯಲೂ ಉಸಿರು ಸಾಲದಾಯಿತು. ಆಮೇಲೆ ಹಾಸಿಗೆ. ಮುಂದಿನ ಚಕ್ರಗಳೂ ಎಳೆಯುತ್ತಿವೆ ಎಂದು ಹೇಳಲು ಸಾಬರು ಓಡಿ ಬಂದಾಗ ಇವರಿಗೆ ಕಣ್ಣು ತೆರೆಯಲು ಆಯಿತು, ಮಾತಾಡಲು ಆಗಲಿಲ್ಲ. ಆ ವಾರವೇ ಹೋದರು.

ಆವರಗೆರೆಯ ಹೊಲದಲ್ಲಿ ಹೂಳಿದೆವು. ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಕೊಟ್ಟೆ. ಆಮೇಲೆ ಟವೆಲಿನ ಗಂಟು ಬಿಚ್ಚಿದೆ. ಅದೇ ಹೊಲದ ಮಣ್ಣು, ಒಣಗಿ ಬಣ್ಣ ಬಿಟ್ಟಿತ್ತು.

“ನೀವು ಕೊಟ್ಟಾತಲ್ಲ ತಾಯಿ,” ಎಂದರು ಪೂಜೆಯ ಅಯ್ಯನವರು.

“ಇದು ನನ್ನ ಮಗಂದು,” ಎಂದೆ. ಅವನ ಹೆಸರು ಹಿಡಿದು ಹೇಳಿ, ಆ ಮಣ್ಣನ್ನೂ ಗುಂಡಿಗೆ ಹಾಕಿದೆ. ಗುಂಡಿಯ ಆಚೆ ನಿಂತಿದ್ದ ಸಾಬರು ಹೂಂ ಎಂದರು.

ಜೀಪನ್ನು ಇಟ್ಟುಕೊಂಡು ನಾನೇನು ಮಾಡಲಿ? ಹರಿಹರದಲ್ಲಿ ಹೊಳೆಯ ಮರಳು ಸಾಗಿಸುವವರಿಗೆ ಮಾರಿದೆ. ಒಮ್ಮೆ ಬಸ್ಸಿನಲ್ಲಿ ಸೇತುವೆ ದಾಟುವಾಗ ಕೆಳಗೆ ಕಂಡಿತು. ಮೇಲಿನವರೆಗೂ ಮರಳು ತುಂಬಿಕೊಂಡು ದಂಡೆಯತ್ತ ಬರುತ್ತಿತ್ತು. ಎಲ್ಲೂ ಹೂತುಕೊಳ್ಳಲಿಲ್ಲ. ರಿಪೇರಿ ಚೆನ್ನಾಗಿಯೇ ಆಗಿತ್ತು.